ಅಪ್ಪ ಅಮ್ಮಂದಿರನ್ನು ನುಂಗಿದ ದೊಡ್ಡ ಕಂಪ್ಯೂಟರಿಗೆ

ಬೇತಮಂಗಲ,
ಜುಲೈ 1993

ಹೊನ್ನಧಾರೆ ಹಾಲು ಒಕ್ಕೂಟದ ಬಂಗಾರಪೇಟೆ ಕಚೇರಿಯಲ್ಲಿ ಬಿಜಯಂಗೈದಿರುವ ದೊಡ್ಡ ಕಂಪ್ಯೂಟರ್ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಬೇತಮಂಗಲದ ಬಸ್ ಸ್ಟ್ಯಾಂಡ್ ಎದುರು ಟೀ ಹೋಟೆಲು ನಡೆಸುವ ಅನಸೂಯಮ್ಮ ಎಂಬ ನಾನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ತಮ್ಮಲ್ಲಿ ಮಾಡಿಕೊಳ್ಳುವ ಅರಿಕೆ ಏನೆಂದರೆ. ಚಪ್ಪಲಿಯ ಮಾತು ಏಕೆ ಬಂತೆಂದರೆ, ತಮ್ಮ ತಂಪು ಕೋಣೆಗೆ ಯಾರೇ ಬಂದರೂ ಬರಿಗಾಲಲ್ಲಿ ಬರಬೇಕೆಂದೂ, ತಮಗೆ ಧೂಳು ಆಗಿಬರುವುದಿಲ್ಲವೆಂದೂ ಕೇಳಿದ್ದೇನೆ. ಈ ಸೀಮೆಯಲ್ಲಿ ಧೂಳು ಆಗಿಬರದವರೊಬ್ಬರು ಬಾಳುತ್ತಿರುವುದನ್ನು ನಾನು ಕಾಣುತ್ತಿರುವುದು ಇದೇ ಮೊದಲು, ಅಭಿನಂದನೆಗಳು. ಒಕ್ಕೂಟದ ಅಧಿಕಾರಿಗಳಿಗೇ ಬರೆಯಬಹುದಿತ್ತು. ಆದರೆ ಅವರಲ್ಲಿ ಯಾರನ್ನು ಏನು ಕೇಳಿದರೂ "ಕಂಪ್ಯೂಟರ್ ಒಪ್ಪಲ್ಲಮ್ಮ" ಎಂದು ತಮ್ಮ ಕಡೆಗೇ ಕೈ ತೋರಿಸುವುದರಿಂದ, ನಡುವೆ ಅವರಿಗೇಕೆ ತೊಂದರೆ ಎಂದು ನೇರವಾಗಿ ತಮಗೇ ಬರೆದು, ನಾಲ್ಕು ಜನ ಓದಲಿ ಎಂದು ಹೋಟೆಲಿನ ಗೋಡೆಗೂ ಒಂದು ಪ್ರತಿ ಅಂಟಿಸಿದ್ದೇನೆ.

ತಾವು ಬರುವ ಮುಂಚೆ ನಮ್ಮಲ್ಲಿ ಒಂದು ಏರ್ಪಾಡಿತ್ತು. ಏರ್ಪಾಡು ಎನ್ನುವುದಕ್ಕೂ ನಾಚಿಕೆಯಾಗುತ್ತದೆ, ಏಕೆಂದರೆ ಅದನ್ನು ಯಾರೂ ಮಾಡಿರಲಿಲ್ಲ, ತಾನಾಗಿ ಆಗಿತ್ತು. ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಯಾರದಾದರೂ ಹಸು ಕರು ಹಾಕಲಾರದೆ ಒದ್ದಾಡಿದರೆ ಮನೆಯವರು ರಸ್ತೆಗೆ ಓಡಿಬಂದು ಬಸ್ ಕಂಡಕ್ಟರ್ ಕುಪ್ಪುಸ್ವಾಮಿಗೆ ಹೇಳುತ್ತಿದ್ದರು. ಬಸ್ಸು ತಪ್ಪಿದರೆ ಹಾಲಿನ ವ್ಯಾನಿನ ಡ್ರೈವರ್ ಕೋದಂಡಪ್ಪನಿಗೆ. ಅವನೂ ತಪ್ಪಿದರೆ ಎದುರಿಗೆ ಸಿಕ್ಕ ಸೈಕಲ್ಲಿನವನಿಗೆ. ಅವರು ದಾರಿಯುದ್ದಕ್ಕೂ ಕಂಡಕಂಡವರ ಕಿವಿಗೆ ಹಾಕುತ್ತ ಬಂದು ಕೊನೆಗೆ ನನ್ನ ಹೋಟೆಲಿನಲ್ಲಿ ಹೇಳುವಷ್ಟರಲ್ಲಿ, ನಮ್ಮ ಪಶುವೈದ್ಯರಾದ ಜಯರಾಮಪ್ಪನವರು ಎಲ್ಲಿದ್ದರೂ ಯಾರದೋ ಬಾಯಿಂದ ಅವರಿಗೆ ಸುದ್ದಿ ಮುಟ್ಟಿರುತ್ತಿತ್ತು. ನನ್ನ ಹೋಟೆಲಿಗೆ ಬೀಗ ಬಿದ್ದ ದಿನ ಪಕ್ಕದ ಸೈಕಲ್ ಶಾಪಿನವರು ಆ ಕೆಲಸ ಮಾಡುತ್ತಿದ್ದರು.

ತಪ್ಪುಗಳೂ ಆಗುತ್ತಿದ್ದವು, ತಮ್ಮ ಮುಂದೆ ಮುಚ್ಚಿಡುವುದೇನು. ಒಮ್ಮೆ ಪೆದ್ದಮ್ಮ ಎಂಬವರ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದಾಗ, ತೆಲುಗು ಮನೆಮಾತಿನ ಕೋದಂಡಪ್ಪ ವ್ಯಾನಿನಿಂದಲೇ "ದೂಡ ಅಡ್ಡಂ ಪಡಿಂದಿ" ಎಂದು ಕೂಗಿ ಹೋದ. ತೆಲುಗಿನಲ್ಲಿ ದೂಡ ಎಂದರೆ ಕರು. ಕೇಳಿಸಿಕೊಂಡ ಕನ್ನಡದವರು, ಯಾವುದೋ ಗಾಡಿ ರಸ್ತೆಗೆ ಅಡ್ಡ ಬಿದ್ದಿದೆ, ದೂಡಬೇಕಂತೆ ಎಂದು ತಿಳಿದು, ನಾಲ್ಕು ಜನ ಗಟ್ಟಿಮುಟ್ಟಾದ ಆಳುಗಳು ಹಗ್ಗ ಹಿಡಿದು ಲಾರಿ ಹತ್ತಿಕೊಂಡು ಹೋದರು. ಹೋಗಿ ನೋಡಿದರೆ ಗಾಡಿಯಿಲ್ಲ, ಹಸುವಿದೆ. ಆದರೆ ಡಾಕ್ಟರು ಬಂದು ಒಳಗೆ ಕೈಹಾಕಿ ಕರುವನ್ನು ನೇರ ಮಾಡಿದ ಮೇಲೆ ಎಳೆಯುವುದಕ್ಕೆ ಆ ಹಗ್ಗವೂ ಬೇಕಾಯಿತು, ಆ ಆಳುಗಳೂ ಬೇಕಾದರು. ನಮ್ಮ ತಪ್ಪುಗಳು ಇಂಥವು, ಸ್ವಾಮಿ. ತಪ್ಪಾದರೂ ಅವು ಹಸುವಿನ ಹತ್ತಿರಕ್ಕೇ ಹೋಗಿ ನಿಲ್ಲುತ್ತಿದ್ದವು.

ಇಂಥ ಅಶಿಸ್ತನ್ನು ಕಂಡು ಮರುಗಿಯೇ ತಾವು ಅವತಾರ ತಾಳಿದಿರಿ. ಊರೂರಿನ ಹಾಲಿನ ಸಂಘಕ್ಕೂ ಟಿ.ವಿ.ಯಂಥ ಒಂದೊಂದು ಪೆಟ್ಟಿಗೆ ಬಂತು, ಟೆಲಿಫೋನ್ ತಂತಿಯಲ್ಲಿ ತಮ್ಮ ಪಾದಕ್ಕೆ ಕಟ್ಟಿಸಿಕೊಂಡು ಕುಳಿತಿತು. ಪೆಟ್ಟಿಗೆ ಕೂರಿಸಲು ಬಂದಿದ್ದ ಇಂಜಿನಿಯರ್ ಒಳ್ಳೆಯವರು, ನನ್ನಲ್ಲಿ ಟೀ ಕುಡಿಯುತ್ತ ಎಲ್ಲವನ್ನೂ ಬಿಡಿಸಿ ಹೇಳಿದರು. ಈ ಪೆಟ್ಟಿಗೆಗಳಿಗೆ ಕಣ್ಣಿದೆ, ಬಾಯಿದೆ, ತಲೆ ಮಾತ್ರ ಇಲ್ಲವಂತೆ, ತಲೆಯೆಲ್ಲ ತಮ್ಮೊಬ್ಬರಲ್ಲೇ. ಪಕ್ಕದೂರಿನ ಪೆಟ್ಟಿಗೆಗೆ ಏನಾದರೂ ಹೇಳಬೇಕೆಂದರೂ ಬಂಗಾರಪೇಟೆಗೆ ಹೋಗಿ ತಮ್ಮನ್ನು ಕಂಡೇ ಬರಬೇಕು. ಇದಕ್ಕೆ ಬದಲಾಗಿ ಇನ್ನೊಂದು ಬಗೆಯೂ ಇದೆಯಂತೆ. ಅದರಲ್ಲಿ ಪ್ರತಿ ಊರಿನ ಯಂತ್ರಕ್ಕೂ ಸ್ವಂತ ತಲೆ, ತನ್ನೂರಿನ ದನಗಳ ನೆನಪು ಅದರಲ್ಲೇ, ಅಕ್ಕಪಕ್ಕದವುಗಳ ಜೊತೆ ನೇರ ಮಾತು. ಒಂದು ಸತ್ತರೆ ಉಳಿದವು ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಸುದ್ದಿ ಸಾಗಿಸುತ್ತವೆ. "ನೀವು ಬಸ್ಸಿನವರ ಕೈಲಿ ಮಾಡಿಸ್ತಿದ್ರಲ್ಲಮ್ಮ, ಅದೇ" ಎಂದರು. ಹಾಗಾದರೆ ಅದನ್ನೇ ತರಬಾರದಿತ್ತೇ ಎಂದು ಕೇಳಿದೆ. ಎಲ್ಲ ಕಡೆ ತಲೆಯಿದ್ದರೆ ತಪ್ಪಾದಾಗ ಯಾರನ್ನು ಹಿಡಿಯುವುದು, ಒಂದೇ ಕಡೆ ಇದ್ದರೆ ಹೊಣೆಯೂ ಒಬ್ಬರದೇ ಎಂದು ಮೇಲಿನವರು ತೀರ್ಮಾನ ಮಾಡಿದ್ದಾರಂತೆ. ಆ ಒಬ್ಬರು ಯಾರು ಎಂದು ಈಗ ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ.

ತಮ್ಮ ಘನತೆಗೆ ಕುಂದು ಬಾರದಿರಲೆಂದು ಒಕ್ಕೂಟದವರು ಒಂದು ಆಜ್ಞೆಯನ್ನೂ ಹೊರಡಿಸಿದರು. ಇನ್ನು ಮುಂದೆ ಡಾಕ್ಟರಿಗೆ ಸುದ್ದಿ ಹೋಗುವುದು ತಮ್ಮಿಂದ ಮಾತ್ರ. ಬಾಯಿಮಾತು ಸಾಗಿಸುವ ಬಸ್ಸಿಗೆ ಹಾಲಿನ ಕ್ಯಾನು ಹೊರುವ ಕೆಲಸ ತಪ್ಪುತ್ತದೆ. ನನ್ನ ಹೋಟೆಲು ಅನಧಿಕೃತ ಸುದ್ದಿ ಕೇಂದ್ರ. ಬರೀ ನೀರು ಟೀ ಎಂದು ಹೆಸರಾಗಿದ್ದ ನನ್ನ ಹೋಟೆಲಿಗೆ ಇಷ್ಟು ದೊಡ್ಡ ಬಿರುದು ಬಂದದ್ದು ತಮ್ಮ ಕೃಪೆ.

ಈಗ ವಿಷಯಕ್ಕೆ ಬರುತ್ತೇನೆ. ಕಾಮಸಮುದ್ರದ ಪಕ್ಕದ ಹಳ್ಳಿಯ ಮುನಿಶಾಮಮ್ಮ ಕೂಲಿ ಮಾಡುವ ಹೆಂಗಸು. ಅವಳಿಗೆ ಇದ್ದದ್ದು ಒಂದೇ ಹಸು. ಹೋದ ತಿಂಗಳು ಒಂದು ಬೆಳಿಗ್ಗೆ ಅದಕ್ಕೆ ನೋವು ಶುರುವಾಗಿ, ಕರುವಿನ ಒಂದು ಕಾಲಷ್ಟೇ ಕಾಣಿಸಿಕೊಂಡಾಗ, ಅವಳು ಆಜ್ಞೆಗೆ ತಲೆಬಾಗಿ ಸಂಘಕ್ಕೆ ಓಡಿದಳು. ಕಾರ್ಯದರ್ಶಿ ಪೆಟ್ಟಿಗೆಯಲ್ಲಿ ಹೆಸರು ಒತ್ತಿದರು. ಸಂದೇಶ ಮುಟ್ಟಿತೆಂದು ಹಸಿರು ಅಕ್ಷರ ಮೂಡಿತು. ತಮ್ಮ ಹೊಟ್ಟೆಯಲ್ಲಿ ಹೆಸರಿಗೆ ಇರುವುದು ಎಂಟು ಇಂಗ್ಲಿಷ್ ಅಕ್ಷರಗಳ ಜಾಗ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಮುನೇಶ್ವರನಿಗೆ ಹರಕೆ ಹೊತ್ತು ಮಕ್ಕಳಿಗೆ ಹೆಸರಿಡುವ ನಮ್ಮ ಸೀಮೆಯಲ್ಲಿ ಆ ಜಾಗಕ್ಕೆ ಹಿಡಿಸುವುದು ಬರೀ "ಮುನಿಶಾಮ್". ಆಮೇಲೆ ಬರುವ ಅಪ್ಪನನ್ನೂ ಅಮ್ಮನನ್ನೂ ತಾವು ನುಂಗಿಬಿಡುತ್ತೀರಿ. ತಮಗೆ ಇಬ್ಬರು ಮುನಿಶಾಮ್ ಕಂಡರು. ತಾವು ಅಳುಕದೆ, ಯಾರನ್ನೂ ಕೇಳದೆ, ಮೊದಲು ಸದಸ್ಯನಾದವನೇ ಸರಿಯೆಂದು ಆರಿಸಿ, ಅವನ ವಿಳಾಸ ಹಾಕಿ ಬೇತಮಂಗಲದ ಪೆಟ್ಟಿಗೆಗೆ ಅಪ್ಪಣೆ ಕಳಿಸಿದಿರಿ.

ಆ ಹೊತ್ತಿನಲ್ಲಿ ಡಾಕ್ಟರು ನನ್ನ ಹೋಟೆಲಿನ ಬೆಂಚಿನ ಮೇಲೆ ಕುಳಿತಿದ್ದರು. ಕಾಮಸಮುದ್ರದ ಬಸ್ಸೂ ಬಂದು ಎದುರಿಗೇ ನಿಂತಿತು. ಕುಪ್ಪುಸ್ವಾಮಿ ಇಳಿದವನು ಡಾಕ್ಟರ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಂಘದಿಂದ ಬಂದ ಚೀಟಿ ಓದಿಕೊಂಡ ಡಾಕ್ಟರು "ಮುನಿಶಾಮ್ ಮನೆ ಕೇಸು, ಬರ್ತೀನಮ್ಮ" ಎಂದು ಜೀಪು ಹತ್ತಿದರು. ಕುಪ್ಪುಸ್ವಾಮಿ ಬಾಯಿ ಮುಚ್ಚಿಕೊಂಡ. ಆಮೇಲೆ ನನ್ನ ಮುಂದೆ ಕುಳಿತು ಅತ್ತ: "ಆಯಮ್ಮ ಬಸ್ಸಿನ ಕಂಬಿ ಇಡ್ಕೊಂಡು ಬೇಡ್ಕೊಂಡ್ಳು ಕಣಕ್ಕಾ, ಡಾಕ್ಟ್ರಿಗೆ ಯೋಳಣ್ಣಾ ಅಂತ. ಎಸ್ರು ಸರಿಯಾಗೇ ಕೇಳುಸ್ತಲ್ಲ, ಇನ್ನು ನಾನ್ಯಾಕೆ ಯೋಳಿ ಓನರ್ ಕೈಲಿ ಬೈಸ್ಕೊಳ್ಳಲಿ ಅಂದ್ಕೊಂಡೆ." ನನಗೂ ಆ ಹೆಸರು ಸರಿಯಾಗಿಯೇ ಕೇಳಿಸಿತ್ತು, ಮಾನ್ಯರೇ. ಅದಕ್ಕೇ ನನಗೆ ತಮ್ಮ ಮೇಲೆ ಇಷ್ಟು ಸಿಟ್ಟು.

ಜೀಪು ಹೋಗಿ ನಿಂತದ್ದು ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನಲ್ಲಿರುವ ಮುನಿಶಾಮಪ್ಪನ ಮನೆ ಮುಂದೆ. ಅವನು ತನ್ನ ಎಮ್ಮೆಯನ್ನು ಸಂಕ್ರಾಂತಿಗೆ ಮುಂಚೆಯೇ ಆಂಧ್ರದ ಕಡೆಯವರಿಗೆ ಮಾರಿದ್ದ. "ನಮ್ ಮನ್ಯಾಗೆ ಬಸುರಿ ಅಂದ್ರೆ ನಮ್ ಸೊಸೆ ಒಬ್ಳೇಯ ಸ್ವಾಮಿ" ಎಂದನಂತೆ. ಡಾಕ್ಟರಿಗೆ ಗಾಬರಿಯಾಗಿ ಹತ್ತಿರದ ಸಂಘಕ್ಕೆ ಹೋಗಿ ತಮ್ಮನ್ನು ಕೇಳಿದರೆ, ಬಂಗಾರಪೇಟೆಯಲ್ಲಿ ಕರೆಂಟು ಹೋಗಿ ತಾವು ಯೋಗನಿದ್ರೆಗೆ ಜಾರಿದ್ದಿರಿ. ತಾವು ಮಲಗಿದರೆ ಎಲ್ಲ ಊರಿನ ಪೆಟ್ಟಿಗೆಗಳೂ ಕಣ್ಣು ಮುಚ್ಚಬೇಕೆಂಬುದು ತಾನೇ ತಮ್ಮ ಶಿಸ್ತು. ತಾವು ಎದ್ದು, ಡಾಕ್ಟರು ಊರು ತಿಳಿದುಕೊಂಡು ಹೋಗಿ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಊರಿನವರು ತಮಗೆ ತಿಳಿದಂತೆ ಎಳೆದು ಕರುವನ್ನು ಉಳಿಸಿದ್ದರು. ತಾಯಿ ಸತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಅಳುವುದನ್ನು ಅತ್ತು ಸುಮ್ಮನಾಗುತ್ತಿದ್ದೆವು. ಕಾರ್ಯದರ್ಶಿ ಸಾವನ್ನು ಬರೆಸಲು ಹೋದರೆ ತಾವು ಒಪ್ಪಲೊಲ್ಲಿರಿ. ಡಾಕ್ಟರು ಮುನಿಶಾಮ್ ಮನೆಗೆ ಹೋದದ್ದು ತಮಗೆ ಗೊತ್ತು. ಅವಳ ಊರಿನ ಸಂಘದಿಂದ ಕರು ಹುಟ್ಟಿದ ಸುದ್ದಿ ಬಂದದ್ದೂ ಗೊತ್ತು. ಆದ್ದರಿಂದ ಹಸು ಕ್ಷೇಮ. ತಿದ್ದುವ ಅಧಿಕಾರ ಊರಿನ ಪೆಟ್ಟಿಗೆಗೆ ಇಲ್ಲ. ಕರು ಹಾಕಿದ ಹಸುವಿನ ಹಾಲು ಸಂಘಕ್ಕೆ ಯಾಕೆ ಬರುತ್ತಿಲ್ಲ, ಹೊರಗೆ ಮಾರುತ್ತಿದ್ದಾಳೆಯೇ ಎಂದು ಈಗ ಮುನಿಶಾಮಮ್ಮನಿಗೆ ತಮ್ಮಿಂದ ನೋಟೀಸು ಬಂದಿದೆ. ಸದಸ್ಯತ್ವ ಹೋದರೆ ಅವಳಿಗೆ ಇನ್ನೊಂದು ಹಸು ಈ ಜನ್ಮದಲ್ಲಿ ಸಿಗುವುದಿಲ್ಲ. ಅವಳು ಆ ನೋಟೀಸನ್ನು ನನ್ನ ಕೈಯಲ್ಲಿ ಓದಿಸಿಕೊಂಡು "ಅದು ಬದುಕೈತೆ ಅಂತ ಬರ್ದವ್ರಾ ಅಕ್ಕಾ? ಎಲ್ಲೈತಂತೆ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಹಾಗೇ ತಮಗೆ ದಾಟಿಸುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಈ ಸೀಮೆಯ ಹಸುಗಳು ಕರೆಂಟು ಇರುವ ವೇಳೆಯಲ್ಲಿ, ಟೆಲಿಫೋನ್ ತಂತಿ ನೆಟ್ಟಗಿರುವ ದಿನ ನೋಡಿಕೊಂಡೇ ಕರು ಹಾಕುವಂತೆ ತಾವು ಒಂದು ಆಜ್ಞೆ ಹೊರಡಿಸಬೇಕು. ಹರಕೆ ಹೊತ್ತವರಿಗೆ ಗಂಡಾಗಲಿ ಹೆಣ್ಣಾಗಲಿ ಎಂಟು ಅಕ್ಷರದೊಳಗೇ ಕೊಡಬೇಕೆಂದು ಮುನೇಶ್ವರನಿಗೂ ಒಂದು ಸುತ್ತೋಲೆ ಹೋಗಬೇಕು. ಇವೆರಡೂ ನಿಧಾನವಾಗಿ ಆಗಲಿ, ಅವಸರವಿಲ್ಲ. ಮೂರನೆಯದಕ್ಕೆ ಅವಸರವಿದೆ. ಮುನಿಶಾಮಮ್ಮನ ಕರು ನನ್ನ ಹೋಟೆಲಿನ ಹಾಲು ಕುಡಿದು ಬದುಕುತ್ತಿದೆ, ಆದರೆ ಕುಡಿದ ಮೇಲೂ ಕೊಟ್ಟಿಗೆಯ ಖಾಲಿ ಗೂಟದ ಹತ್ತಿರ ಹೋಗಿ ಮೂಸಿ ಕೂಗುತ್ತದೆ. ತಮ್ಮೊಳಗೆ ಕ್ಷೇಮವಾಗಿರುವ ಅದರ ತಾಯಿಯನ್ನು ದಯಮಾಡಿ ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ಅಲ್ಲಿಗೆ ಕಳಿಸಿಕೊಡಿ. ಕಳಿಸಲು ಆಗದಿದ್ದರೆ, ಅದು ಸತ್ತಿದೆ ಎಂದು ಒಪ್ಪಿಕೊಳ್ಳಿ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಇರಲು ಬಹಳ ಕಷ್ಟಪಡುತ್ತಿರುವ,
ಅನಸೂಯಮ್ಮ

ತಾ.ಕ.: ಕರು ಹೆಣ್ಣು, ಹಣೆಯ ಮೇಲೆ ಬಿಳಿ ಮಚ್ಚೆಯಿದೆ. ತಮ್ಮ ಗೌರವಾರ್ಥ ಅದಕ್ಕೆ ಕಂಪ್ಯೂಟರ್ ಎಂದೇ ಹೆಸರಿಡೋಣವೇ ಎಂದು ಮುನಿಶಾಮಮ್ಮನನ್ನು ಕೇಳಿದೆ. ಅವಳು ಒಪ್ಪಲಿಲ್ಲ. "ಬ್ಯಾಡಕ್ಕಾ, ಕರೆದ್ರೆ ತಿರುಗಿ ನೋಡೋ ಅಂತ ಎಸ್ರು ಇಡು" ಎಂದಳು.