ಗೊಣಗಾಟದ ಉಪವಾಸ

"ಈ ತಪಸ್ಸು ಕಾಲದಲ್ಲಿ ಬೀಡಿ ಬಿಡಿ, ಇಲ್ಲವೇ ಗೊಣಗಾಟ ಬಿಡಿ. ಮಾತನ್ನು ತೂಗಿ ಆಡಿ" ಎಂದು ನಮ್ಮ ಚರ್ಚಿನ ಸ್ವಾಮಿಗಳು ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ ಶುರುವಾಗುವ ಬೂದಿ ಬುಧವಾರದ ದಿನ ಅಪ್ಪಣೆ ಕೊಡಿಸಿದರು. ಕಡೂರಿನ ದರ್ಜಿ ಇನ್ನಾಸಪ್ಪನಾದ ನಾನು ಹುಮ್ಮಸ್ಸಿನಲ್ಲಿ ಎದ್ದು ನಿಂತು, "ಎರಡನ್ನೂ ಬಿಟ್ಟೆ ಸ್ವಾಮಿ!" ಎಂದೆ. (ಬೀಡಿ ಕಟ್ಟು ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಕ್ಷೇಮವಾಗಿತ್ತು.)

ಗೊಣಗಾಟವನ್ನು ಮಾತ್ರ ನಿಜವಾಗಿ ಬಿಟ್ಟೆ. ಸೂರು ಸೋರಿದರೂ, ಗಿರಾಕಿ ಪ್ಯಾಂಟಿನ ಅಳತೆ ತಪ್ಪಿತೆಂದು ಕೂಗಾಡಿದರೂ ನಾನು ಪರಮ ಶಾಂತಮೂರ್ತಿ.

ಎಡವಟ್ಟಾದದ್ದು ಮೊದಲನೆಯ ಶುಕ್ರವಾರ. ಅಂದು ತರೀಕೆರೆಯಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ನಡೆಸಲು ಹೊರಟಿದ್ದ ಸ್ವಾಮಿಗಳಿಗೆ ಮಧ್ಯಾಹ್ನದ ಊಟ ನಮ್ಮಲ್ಲಿ. ನನ್ನ ಹೆಂಡತಿ ಆರೋಗ್ಯಮ್ಮನ ಹುರುಳಿಕಾಳು ಸಾರು ಊರಿಗೇ ಹೆಸರಾದದ್ದು. ಆದರೆ ತಪಸ್ಸಿನ ಶುಕ್ರವಾರ ಸಂಜೆಯವರೆಗೆ ಆಕೆ ನಾಲಿಗೆಗೆ ಏನನ್ನೂ ಸೋಕಿಸುವುದಿಲ್ಲ. ಅಂದಾಜಿನಲ್ಲಿ ಅಡಿಗೆ ಮಾಡುತ್ತಾಳೆ, ರುಚಿ ನೋಡಿ ಬೈಯುವ ಕೆಲಸ ಮದುವೆಯಾದಾಗಿನಿಂದ ನನ್ನದು.

"ಹೆಂಗೈತ್ರೀ?" ಎಂದು ಅಂಗೈಗೆ ಸಾರು ಬಿಟ್ಟಳು.

ನೆಕ್ಕಿದೆ. ಉಪ್ಪು! ಎರಡೆರಡು ಸಲ ಹಾಕಿರಬೇಕು. ಹೇಳಿದರೆ ವ್ರತಭಂಗ, ಚೆನ್ನಾಗಿದೆ ಎಂದರೆ ಸುಳ್ಳಿನ ಪಾಪ. ಮಾತನ್ನು ಬಹಳ ತೂಗಿ, "ಬಿಸಿಯಾಗೈತೆ ಕಣೇ" ಎಂದೆ.

"ಸದ್ಯ, ಇವತ್ತು ಏನೂ ಕೊಂಕು ಇಲ್ಲ!" ಎಂದು ಆಕೆ ಹಿಗ್ಗಿ ಮುದ್ದೆಯ ಮೇಲೆ ಸಾರು ಧಾರಾಳವಾಗಿ ಸುರಿದಳು. ಸ್ವಾಮಿಗಳು ಒಂದು ತುತ್ತು ನುಂಗಿದರು. ಕಣ್ಣಲ್ಲಿ ನೀರು ಬಂತು. ಚೊಂಬು ಎತ್ತಿ ಗಟಗಟ ಕುಡಿದರು.

"ಈ ಸಾರು ಮರೆಯೋ ಹಾಗಿಲ್ಲಮ್ಮ" ಎಂದರು. ಅವರೂ ಮಾತು ತೂಗುತ್ತಿದ್ದರು!

"ಹಂಗಾರೆ ಇನ್ನೊಂದು ಸೌಟು ಸ್ವಾಮಿ!"

ಅವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ರುಚಿ ನೋಡಿದವರು ಯಾರು?" ಎಂದರು. ಆರೋಗ್ಯಮ್ಮ ನನ್ನತ್ತ ತೋರಿಸಿದಳು. ನನ್ನ ಮುಖ ನೋಡಿದ್ದೇ ಆಕೆಗೆ ಅನುಮಾನ ಬಂದು ಸೌಟು ಅಲ್ಲೇ ನಿಂತಿತು. ಪಾಪ, ಕಣ್ಣು ತುಂಬಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಉಪ್ಪು ಜಾಸ್ತಿ ಕಣೇ! ವ್ರತಕ್ಕೆ ಹೆದರಿ ಹೇಳ್ಲಿಲ್ಲ!" ಎಂದುಬಿಟ್ಟೆ.

ಸ್ವಾಮಿಗಳು ನಕ್ಕರು. "ಲೋ ಇನ್ನಾಸಪ್ಪ, ಮೆಲ್ಲಗೆ ಉಪ್ಪು ಜಾಸ್ತಿ ಅನ್ನೋದು ಗೊಣಗಾಟ ಅಲ್ಲಪ್ಪ, ಸಮಾಚಾರ. ಹೇಳಬಹುದು."

ಅಬ್ಬ, ನಾಲಿಗೆಯ ಮೇಲಿಂದ ಹಾಸುಗಲ್ಲು ಇಳಿದಂತಾಯಿತು. ಆರೋಗ್ಯಮ್ಮನೂ ಕಣ್ಣೊರೆಸಿಕೊಂಡು ಮೊಸರಿನ ಗಡಿಗೆ ತಂದಳು.

"ಮೆಲ್ಲಗೆ ಹೇಳಿದ್ರೆ ನಾನೂ ಸಮಾಚಾರ ಹೇಳ್ಬೋದಾ ಸ್ವಾಮಿ?"

"ಹೇಳಮ್ಮ."

"ಇವ್ರ ಬೀಡಿ ಕಟ್ಟು ಮಿಷನ್ ಖಾನೇಲಿ, ದಾರದುಂಡೆ ಕೆಳಗೈತೆ."

ಎಷ್ಟು ಸಿಹಿಯಾಗಿ ಹೇಳಿದಳು! ಸ್ವಾಮಿಗಳು ಎಡಗೈ ಚಾಚಿದರು. ತರೀಕೆರೆ ಬಸ್ಸಿನಲ್ಲಿ ಅವರ ಜೊತೆ ನನ್ನ ಬೀಡಿಗಳೂ ಪ್ರಯಾಣ ಬೆಳೆಸಿದವು.

ಸಂಜೆ ಕಾಫಿ ಹೀರಿ, ಮತ್ತೆ ಸಿಕ್ಕಿದ ಸ್ವಾತಂತ್ರ್ಯದ ಸಂಭ್ರಮದಲ್ಲಿ ಮೆಲ್ಲಗೆ, "ಸಕ್ಕರೆ ಸಾಲ್ದು ಕಣೇ" ಎಂದೆ.

"ಬೀಡಿ ಬಿಟ್ಟ ಹೊಸತರಲ್ಲಿ ಹಂಗೇ ಕಣ್ರೀ" ಎಂದಳು, ನನಗಿಂತ ಮೆಲ್ಲಗೆ.