ಮರಳ ಮೇಲಿನ ತುಳಸಿಕಟ್ಟೆ

ಸಿಮೆಂಟಿನ ತುಳಸಿಕಟ್ಟೆಯನ್ನು ಹಿತ್ತಲ ಮರಳಿನ ಮೇಲೆ ಇಳಿಸಿದ್ದೇ ತಡ, ಅದು ಮದುವೆ ಊಟ ಮುಗಿಸಿದ ಬೀಗರ ಹಾಗೆ ಒಂದು ಕಡೆ ವಾಲಿತು.

ಮೃತ್ಯುಂಜಯನಿಗೆ ಬೆವರು ಬಂತು. ನ್ಯೂಜಿಲೆಂಡಿನಲ್ಲಿ, ಆಕ್ಲೆಂಡಿನಾಚೆ ಕಡಲ ಬದಿಯಲ್ಲಿ ಕೊಂಡ ಹೊಸ ಮನೆ, ನಾಳೆ ಗೃಹಪ್ರವೇಶ. ನರ್ಸ್ ಆಗಿರುವ ಹೆಂಡತಿ ಕಾತ್ಯಾಯಿನಿ ಡ್ಯೂಟಿಗೆ ಹೊರಡುವಾಗ, "ಇದೊಂದನ್ನಾದ್ರೂ ನೆಟ್ಟಗೆ ನಿಲ್ಲಿಸಿ. ನಾಳೆ ಅಷ್ಟು ಜನದ ಮುಂದೆ ಮಾನ ಕಳೀಬೇಡಿ" ಎಂದಿದ್ದಳು.

ಪಕ್ಕದ ಮನೆಯ ಶ್ರೀರಂಗ ಅಂಕಲ್ ಬೇಲಿಯ ಮೇಲಿಂದ ಇಣುಕಿದರು. "ನಮ್ಮ ಮೈಸೂರಲ್ಲಿ ಇದಕ್ಕೆಲ್ಲ ತಲೆ ಕೆಡಿಸ್ಕೊಳ್ತಿರ್ಲಿಲ್ಲ ಕಣಯ್ಯ. ಅಡಿಗೊಂದು ಜಮಖಾನ ಹಾಸು."

ಹಾಸಿದ್ದಾಯಿತು. ಕಟ್ಟೆ ಈ ಸಲ ಇನ್ನೊಂದು ಕಡೆ ವಾಲಿತು.

ಕೊನೆಗೆ ರಸ್ತೆ ಕೆಲಸದ ಎಂಜಿನಿಯರ್ ಗೆಳೆಯ ಭೀಮಸೇನನಿಗೆ ಫೋನು ಹೋಯಿತು. ಅವನು ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಬಲೆಯ ಸುರುಳಿ ಹೇರಿಕೊಂಡು ಬಂದ.

"ಭಾರ ಬಿದ್ರ ಉಸುಕು ಬದಿಗೆ ಓಡತೈತ್ರಿ. ಜಮಖಾನ ಜಾರತೈತಿ. ಬಲೀ ತೂತಿನ್ಯಾಗ ಉಸುಕು ಸಿಕ್ಕೊಂಡ್ರ ಎಲ್ಲಿ ಓಡತೈತಿ?"

"ಹಾಗಾದ್ರೆ ಚೆನ್ನಾಗಿ ಆಳದಲ್ಲಿ ಹಾಕಪ್ಪ," ಎಂದರು ಬೇಲಿ ದಾಟಿ ಬಂದ ಅಂಕಲ್.

"ಆಳಕ್ಕ ಹೂತ್ರ ಮ್ಯಾಲಿನ ಭಾರದ ಸುದ್ದಿ ಅದಕ್ಕ ಮುಟ್ಟಂಗಿಲ್ರಿ ಅಂಕಲ್. ಕಟ್ಟಿ ಬುಡಕ್ಕ ಹತ್ರ ಒಂದು, ಅದರ ಕೆಳಗ ಇನ್ನೆರಡು. ಕಟ್ಟಿಗಿಂತ ಅಗಲ ಇರಬೇಕು."

ಬಲೆ, ಮರಳು, ಧಮ್ಮಸು. ಮತ್ತೆ ಬಲೆ, ಮರಳು, ಧಮ್ಮಸು. ಮುಗಿದ ಮೇಲೆ ಭೀಮಸೇನ ತನ್ನ ಹೆಸರಿಗೆ ತಕ್ಕ ಮೈ ಹೊತ್ತು ಅದರ ಮೇಲೆ ಕುಣಿದ. ನೆಲ ಜಗ್ಗಲಿಲ್ಲ. ಮೂವರೂ ಏದುಸಿರು ಬಿಡುತ್ತ ಕಟ್ಟೆ ಕೂರಿಸಿದರು. ಹುಮ್ಮಸ್ಸಿನಲ್ಲಿ, ಮೇಲೆ ಗಿಡದ ಗುಂಡಿಯಷ್ಟೇ ಬಿಟ್ಟು, ಅದರ ಟೊಳ್ಳು ಹೊಟ್ಟೆಗೆ ಬೇಗ ಗಟ್ಟಿಯಾಗುವ ಕಾಂಕ್ರೀಟನ್ನೂ ತುಂಬಿದರು. ಕೂದಲೆಳೆಯಷ್ಟೂ ವಾಲಲಿಲ್ಲ.

ಮಧ್ಯಾಹ್ನ ಕಾತ್ಯಾಯಿನಿ ಬಂದಳು. ಕಟ್ಟೆಯನ್ನು ಸುತ್ತಿ ನೋಡಿದಳು. ಮುಖ ಅರಳಿತು.

"ಪರವಾಗಿಲ್ವೇ, ನೆಟ್ಟಗಿದೆ. ಆದ್ರೆ ಮನೆಯ ದಕ್ಷಿಣಕ್ಕೆ ಯಾಕಿಟ್ರಿ?"

"ಚಳಿಗಾಲದಲ್ಲಿ ಬಿಸಿಲು ದಕ್ಷಿಣದಿಂದ ತಾನೆ ಬರೋದು?" ಎಂದ ಮೃತ್ಯುಂಜಯ.

"ಅದು ಮೈಸೂರಲ್ಲಿ. ಇಲ್ಲಿ ಸೂರ್ಯ ಉತ್ತರದಲ್ಲಿ ಹೋಗ್ತಾನೆ. ಮನೆ ನೆರಳಲ್ಲಿ ತುಳಸಿ ಬದುಕತ್ತಾ?"

ಬೆಳಿಗ್ಗೆಯಿಂದ ಇಷ್ಟು ತಂಪಾಗಿ ಕೆಲಸ ಸಾಗಿದ್ದು ಯಾಕೆಂದು ಮೂವರಿಗೂ ಆಗ ಹೊಳೆಯಿತು. ಭುಜ ಕೊಟ್ಟು ತಳ್ಳಿದರು. ಕಟ್ಟೆ ಮಿಸುಕಲಿಲ್ಲ.

"ನಾ ಹೇಳಿದ್ನಲ್ರಿ," ಎಂದ ಭೀಮಸೇನ, ತುಸು ಹೆಮ್ಮೆಯಿಂದಲೇ.

ಶ್ರೀರಂಗ ಅಂಕಲ್ ಕಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಕೂತರು. "ಗಿಡ ಇಟ್ಟಿಲ್ಲವಲ್ಲ, ದೋಷ ಇಲ್ಲ. ಕಾಫಿ ಕುಡಿಯೋಕೆ ಒಳ್ಳೆ ಜಾಗ ಕಣಮ್ಮ."

ಕಾತ್ಯಾಯಿನಿಗೆ ನಗು ತಡೆಯಲಾಗಲಿಲ್ಲ. "ಕಾಫಿ ಮಾಡ್ತೀನಿ. ಇನ್ನೂ ಬೆಳಕಿದೆ, ಉತ್ತರಕ್ಕೆ ಇನ್ನೊಂದು ಕಟ್ಟೆ ತಂದು ನಿಲ್ಲಿಸಿ."

ಭೀಮಸೇನ ಉಳಿದ ಬಲೆಯನ್ನು ಹೆಗಲಿಗೇರಿಸಿದ. ಮೃತ್ಯುಂಜಯ ಸಲಿಕೆ ಹಿಡಿದು ಉತ್ತರದ ಕಡೆಗೆ ನಡೆದ. ಅಲ್ಲಿ ಬಿಸಿಲು ಸುಡುತ್ತಿತ್ತು.