ಖಾಲಿ ಹೊಟ್ಟೆಗೆ ಪಲಾರ

ನಮ್ಮ ಕಡೆ ಉಪವಾಸ ಮಾಡುವವರಷ್ಟು ಹೊಟ್ಟೆ ತುಂಬ ತಿನ್ನುವವರು ಬೇರೆ ಯಾರೂ ಇಲ್ಲ. ಉಪವಾಸ ಎಂದರೆ ಅನ್ನ ಮುಟ್ಟಬಾರದು, ಅಷ್ಟೇ. ಅನ್ನವೊಂದನ್ನು ಬಿಟ್ಟು ದೇವರು ಸೃಷ್ಟಿಸಿದ ಮಿಕ್ಕದ್ದೆಲ್ಲ ಪಲಾರ. ದೋಸೆಗೂ ಅಕ್ಕಿ ಹಾಕುತ್ತಾರಲ್ಲ ಎಂದು ಕೇಳಬಾರದು. ಅಕ್ಕಿ ಬೇರೆ, ಅನ್ನ ಬೇರೆ. ಪುಸ್ತಕದಲ್ಲಿ ಇದನ್ನು ಫಲಾಹಾರ ಎಂದು ಬರೆಯುತ್ತಾರೆ, ಹಣ್ಣು ತಿಂದುಕೊಂಡಿರುವುದು ಎಂದು ಅರ್ಥವಂತೆ. ನಂಜನಗೂಡಿಗೆ ಬರುವಷ್ಟರಲ್ಲಿ ಅದರಿಂದ ಹಣ್ಣು ಉದುರಿಹೋಗಿ ಉಪ್ಪಿಟ್ಟು ಸೇರಿಕೊಂಡಿದೆ. ನಂಜುಂಡೇಶ್ವರನ ಹೆಸರಿನಲ್ಲಿ ಪ್ರತಿ ಸೋಮವಾರ ನಾನು ಉಪವಾಸ ಮಾಡುತ್ತೇನೆ ಎಂದರೆ ನನ್ನ ಮೈ ನೋಡಿದವರು ನಂಬುವುದಿಲ್ಲ. ವಾರಕ್ಕೆ ಒಂದೇ ಸೋಮವಾರ ಇರುವುದರಿಂದ ಮನೆ ಉಳಿದುಕೊಂಡಿದೆ ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜೆ.

ನಾನು ತಿ. ನರಸೀಪುರದ ಕಚೇರಿಯೊಂದರಲ್ಲಿ ಜಮೀನಿನ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತ. ದಿನವೂ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೂವರ ಸೀಟಿನಲ್ಲಿ ನಾನು ಕೂತರೆ ಪಕ್ಕದಲ್ಲಿ ಒಬ್ಬರಿಗಷ್ಟೇ ಜಾಗ. "ಸಾ, ಉಸ್ರು ಒಸಿ ಒಳಿಕ್ಕೆ ಎಳ್ಕಳಿ, ಇನ್ನೊಬ್ರು ಕೂತ್ಕತಾರೆ" ಎಂದು ಕಂಡಕ್ಟರ್ ಹೇಳುವುದುಂಟು. ನಾನು ಎಳೆದುಕೊಳ್ಳುತ್ತೇನೆ, ಪಾಪ ಆ ಇನ್ನೊಬ್ಬರು ಕೂರುತ್ತಾರೆ, ಮುಂದಿನ ಸ್ಟಾಪಿನಲ್ಲಿ ನಾನು ಉಸಿರು ಬಿಟ್ಟಾಗ ಅವರೇ ಎದ್ದು ನಿಲ್ಲುತ್ತಾರೆ. ಇದನ್ನೆಲ್ಲ ನಾನು ಮನಸ್ಸಿಗೆ ಹಚ್ಚಿಕೊಂಡವನಲ್ಲ. ಆದರೆ ಒಂದು ದಿನ ಸಾಹೇಬರು ಕರೆದರೆಂದು ದಡಬಡಿಸಿ ಎದ್ದಾಗ ನನ್ನ ಜೊತೆ ಕೈಕುರ್ಚಿಯೂ ಎದ್ದುಬಂತು. ಗಾಬರಿಯಲ್ಲಿ ಅದನ್ನು ಹೊತ್ತುಕೊಂಡೇ ಅವರ ಕೋಣೆಗೆ ಹೋದೆ. "ಒಳಗೆ ಕುರ್ಚಿ ಇದೆಯಲ್ರೀ, ನೀವ್ಯಾಕೆ ತಂದ್ರಿ?" ಎಂದರು ಸಾಹೇಬರು. ಇಬ್ಬರು ಹಿಡಿದು ಬಿಡಿಸಿದರು. ಆಮೇಲೆ ಎಷ್ಟು ಹೊತ್ತಾದರೂ ನನ್ನ ಏದುಸಿರು ನಿಲ್ಲಲಿಲ್ಲ. ಸಂಜೆ ಕಚೇರಿ ಹತ್ತಿರದ ಡಾಕ್ಟರ ಬಳಿ ಹೋದೆ.

ಡಾಕ್ಟರು ನಮ್ಮ ಸೀಮೆಯವರೇ, ಒಳ್ಳೆಯ ಮನುಷ್ಯ. "ಮೈ ಈ ಪಾಟಿ ಬೆಳೆದ್ರೆ ರಕ್ತದಲ್ಲಿ ಕೊಬ್ಬು ಹೆಚ್ಚುತ್ತೆ, ರಕ್ತ ಸುಲಭವಾಗಿ ಹೆಪ್ಪುಗಟ್ಟೋಕೂ ಶುರುವಾಗುತ್ತೆ. ಹೃದಯದ ರಕ್ತನಾಳದಲ್ಲೇ ಹೆಪ್ಪುಗಟ್ಟಿದ್ರೆ ಕಷ್ಟ. ರಾತ್ರಿ ಊಟ ಆದ್ಮೇಲೆ ಉಪವಾಸ ಇದ್ದು ಬೆಳಿಗ್ಗೆ ರಕ್ತ ಕೊಡಿ, ನೋಡೋಣ" ಎಂದರು. ಉಪವಾಸ ತಾನೇ, ನನಗೆ ಚೆನ್ನಾಗಿ ಅಭ್ಯಾಸವಿದೆ ಸಾರ್ ಎಂದೆ. ಸೋಮವಾರವೇ ಹೋಗುವುದೆಂದು ನಿಶ್ಚಯವಾಯಿತು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು.

ಆ ಹೊತ್ತಿಗೆ ಬಿಳಿಗೆರೆಯಿಂದ ನಮ್ಮ ಅತ್ತೆ, ಅಂದರೆ ಗಿರಿಜೆಯ ತಾಯಿ, ಮನೆಗೆ ಬಂದಿದ್ದರು. ರಕ್ತ ಕೊಡುವ ಅಳಿಯ ನಿತ್ರಾಣವಾಗಬಾರದೆಂದು ಸೋಮವಾರದ ಪಲಾರವನ್ನು ಅವರೇ ವಹಿಸಿಕೊಂಡರು. ತಾವು ತಂದಿದ್ದ ಬೆಣ್ಣೆಯನ್ನು ಕಾಸಿ, ಆ ತುಪ್ಪದಲ್ಲೇ ಉಪ್ಪಿಟ್ಟು ಕೆದಕಿದರು. ಮೇಲೆ ಇನ್ನೊಂದಿಷ್ಟು ತುಪ್ಪ, ಪಕ್ಕದಲ್ಲಿ ರಸಬಾಳೆ, ಕೆನೆಗಟ್ಟಿದ ಹಾಲು. ಇಷ್ಟು ಉಪವಾಸ ಮಾಡಿ ಬಸ್ಸು ಹತ್ತಿದೆ. ಲ್ಯಾಬಿನ ಹುಡುಗಿ, "ಏನೂ ತಿಂದಿಲ್ಲ ತಾನೇ ಸಾರ್?" ಎಂದಳು. "ಒಂದಗುಳು ಅನ್ನ ಮುಟ್ಟಿಲ್ಲಮ್ಮ" ಎಂದೆ. ದೇವರಾಣೆಗೂ ನಿಜವನ್ನೇ ಹೇಳಿದೆ.

ವರದಿ ನೋಡಿದ ಡಾಕ್ಟರ ಮುಖ ಸಪ್ಪಗಾಯಿತು. "ನಿಮ್ಮ ರಕ್ತ ಬಸಿದ್ರೆ ಮೇಲಿನ ತಿಳಿ ಮಜ್ಜಿಗೆ ಥರ ಬೆಳ್ಳಗಿತ್ತಂತೆ. ಖಾಲಿ ಹೊಟ್ಟೇಲೇ ಹಿಂಗಿದ್ರೆ ಸುಮ್ನೆ ಬಿಡೋದಲ್ಲ, ಮೈಸೂರಲ್ಲಿ ಹೃದಯದ ಡಾಕ್ಟರಿಗೆ ತೋರಿಸಿಬಿಡೋಣ. ನಾಳೆ ಮನೆಯವರನ್ನ ಕರ್ಕೊಂಡು ಬನ್ನಿ" ಎಂದರು. ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಡಾಕ್ಟರು ಯಾವಾಗ ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಮನೆಗೆ ಬಂದು ವಿಷಯ ಹೇಳಿದೆ. ಗಿರಿಜೆ ಗದರಲಿಲ್ಲ. "ಕೂತ್ಕೊಳ್ಳಿ, ಆಯಾಸ ಮಾಡ್ಕೋಬೇಡಿ" ಎಂದು ಬೆನ್ನಿಗೆ ದಿಂಬು ಇಟ್ಟಳು. ಮದುವೆಯಾದಂದಿನಿಂದ ನನ್ನ ಮೇಲೆ ರೇಗದೆ ಒಂದು ಹೊತ್ತೂ ಕಳೆಯದವಳು ಹೀಗೆ ಮೆತ್ತಗೆ ಮಾತಾಡಿದ್ದು ಕೇಳಿ, ನಾನು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಿಜವಾಗಿಯೂ ಭಯವಾಯಿತು. ಎದೆ ಮುಟ್ಟಿ ನೋಡಿಕೊಂಡೆ. ಬಡಿಯುತ್ತಿತ್ತು, ಆದರೆ ಮೊದಲಿನ ಮನಸ್ಸಿಲ್ಲದೆ ಬಡಿಯುತ್ತಿದೆ ಅನ್ನಿಸಿತು.

ಅಡುಗೆಮನೆಯಲ್ಲಿ ಅತ್ತೆ ಮಗಳ ಹತ್ತಿರ ಹೇಳುತ್ತಿದ್ದರು: "ಅಳಿಯಂದ್ರಿಗೆ ಕೊಬ್ಬು ಅಂತ ನಾನು ಮದ್ವೆ ದಿನ್ವೇ ಏಳ್ಲಿಲ್ವ? ಈಗ ಡಾಕುಟ್ರು ಚೀಟಿ ಬರ್ದು ಕೊಟ್ಟವ್ರೆ."

"ಅದು ಬೇರೆ ಕೊಬ್ಬು ಕಣವ್ವ" ಎಂದಳು ಗಿರಿಜೆ ಮೂಗೆಳೆಯುತ್ತ. "ರಕ್ತ ಹೆಪ್ಪುಗಟ್ಟುತ್ತಂತೆ."

"ಎಪ್ಪಾ? ಮತ್ತೆ ಮೂರೊತ್ತೂ ಮೊಸ್ರು ಸುರೀತೀಯಲ್ಲ! ಬೆಚ್ಗಿರೋ ಆಲ್ಗೆ ಒಂದ್ ತೊಟ್ಟು ಎಪ್ಪು ಬಿದ್ರೆ ಗಟ್ಟಿ ಆಯ್ತದೆ, ಬೆಚ್ಗಿರೋ ರಕ್ತ ಬುಟ್ಟಾದಾ?" ಎಂದು ಮೊಸರಿನ ಗಡಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟರು. ಸಾಯುವ ಮುಂಚೆ ಮೊಸರನ್ನವೂ ಹೋಯಿತು.

ಮರುದಿನ ಮೂವರೂ ಡಾಕ್ಟರ ಮುಂದೆ ಕೂತೆವು. ಏನೇನು ಊಟ ಮಾಡುತ್ತಾರೆ ಎಂದು ಅವರು ಗಿರಿಜೆಯನ್ನು ವಿಚಾರಿಸಿದರು. ಅವಳು ಕಣ್ಣೊರೆಸಿಕೊಂಡು, "ನಿನ್ನೆಯಂತೂ ಏನೂ ತಿಂದಿಲ್ಲ ಸಾರ್, ಪೂರ್ತಿ ಉಪವಾಸ. ಬರೀ ಪಲಾರ ಮಾಡಿ ಬಂದ್ರು" ಎಂದಳು.

ಡಾಕ್ಟರ ಪೆನ್ನು ನಿಂತಿತು. "ಪಲಾರಕ್ಕೆ ಏನು ಮಾಡಿದ್ರಿ?"

ಅಡುಗೆ ತಮ್ಮದಾದ್ದರಿಂದ ಅತ್ತೆಯೇ ಮುಂದೆ ಬಂದರು. "ಏನಿಲ್ಲ ಕಣಪ್ಪ, ಒಸಿ ಉಪ್ಪಿಟ್ಟು. ನೀರು ಬೆರೆಸಿದ್ರೆ ರುಚಿ ಕೆಡ್ತದೆ ಅಂತ ತುಪ್ಪ ಜಾಸ್ತಿ ಬುಟ್ಟೆ. ಬಾಳೆಅಣ್ಣು. ಆಲು. ಪಾಪ, ಉಪಾಸ ಅಲ್ವ, ಅದ್ಕೇ ಎರಡ್ ದಪ ಬಡಿಸ್ದೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡು ಗಿರಿಜೆಯೂ ಅಳತೊಡಗಿದಳು. ಅವರು ಕೈ ತೆಗೆದ ಮೇಲೆ ನಗು ಎಂದು ಗೊತ್ತಾಯಿತು. "ತಪ್ಪು ನಂದೇ. ನಮ್ಮಮ್ಮನೂ ಇದೇ ಉಪವಾಸ ಮಾಡ್ತಾರೆ, ನನಗಾದ್ರೂ ಹೊಳೀಬೇಕಿತ್ತು. ಇವರ ಟೆಸ್ಟಲ್ಲಿ ಬಂದಿರೋದು ಅರ್ಧ ನಿಮ್ಮ ತುಪ್ಪ ಕಣಮ್ಮ. ಮೈಸೂರು ಸದ್ಯಕ್ಕೆ ಬೇಡ. ಈ ಸಲ ನೀರು ಬಿಟ್ಟು ಏನೂ ಮುಟ್ಟದೆ ಬಂದು ರಕ್ತ ಕೊಡಿ" ಎಂದರು. ನೀರು ಬಿಟ್ಟು ಏನೂ ಮುಟ್ಟದಿರುವುದಕ್ಕೂ ಉಪವಾಸ ಎನ್ನುತ್ತಾರೆಂದು ಈ ವಯಸ್ಸಿನಲ್ಲಿ ಕಲಿತೆ.

ಎರಡನೆಯ ಸಲದ ವರದಿ ಕೇಳಲೂ ಮೂವರೂ ಹೋದೆವು. ಕೊಬ್ಬು ಬಹಳ ಇಳಿದಿತ್ತು. ಆದರೆ ಇರಬೇಕಾದ್ದಕ್ಕಿಂತ ಇನ್ನೂ ಮೇಲೇ ಇತ್ತು. "ಉಪ್ಪಿಟ್ಟಿನ ಪಾಲು ಕಳೆದಾಯ್ತು, ಮಿಕ್ಕಿದ್ದು ನಿಮ್ಮದು. ಮಾತ್ರೆ ತಗೊಳ್ಳಿ, ದಿನಾ ನಡೀರಿ, ತೂಕ ಇಳಿಸಿ. ಅಸಡ್ಡೆ ಮಾಡಿದ್ರೆ ಮುಂದೆ ನಿಜವಾಗ್ಲೂ ಮೈಸೂರು ದಾರಿ ಹಿಡೀಬೇಕಾಗುತ್ತೆ" ಎಂದರು ಡಾಕ್ಟರು.

ನನಗೆ ಅವಮಾನವಾಯಿತು. "ನಮ್ಮ ತಂದೆಯವರೂ ಒಳ್ಳೇ ದಪ್ಪ ಆಳು ಸಾರ್. ಇದು ಪಿತ್ರಾರ್ಜಿತ ಇರಬಹುದು" ಎಂದೆ.

"ನಿಮ್ಮಪ್ಪಾರಾ?" ಎಂದರು ಅತ್ತೆ. "ಮದ್ವೆ ಚಪ್ಪರ್ದಲ್ಲಿ ಗಾಳಿ ಬೀಸ್ದಾಗ ನಾವೇ ಅವರ್ನ ಇಡ್ಕಂಡಿದ್ವಲ್ಲ!"

"ಹಾಗಾದ್ರೆ ಸ್ವಯಾರ್ಜಿತ" ಎಂದು ಡಾಕ್ಟರು ಚೀಟಿ ಬರೆದರು.

ಗಿರಿಜೆ ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂವರೂ ಬಸ್ಸು ಹತ್ತಿದೆವು. ಊರು ಇನ್ನೂ ಒಂದಿಷ್ಟು ದೂರವಿರುವಾಗಲೇ ಶಿಳ್ಳೆ ಹಾಕಿಸಿ ಬಸ್ಸು ನಿಲ್ಲಿಸಿ, "ಇಳೀರಿ! ಡಾಕ್ಟರು ನಡೀರಿ ಅಂದಿದ್ದು ಕೇಳಿಸಲಿಲ್ವಾ? ಹೊತ್ತುಕೊಂಡು ಹೋಗೋಕೆ ನಾಲ್ಕು ಜನ ಸಾಲಲ್ಲ ನಿಮಗೆ" ಎಂದು ಬಸ್ಸೆಲ್ಲ ಕೇಳುವಂತೆ ಗದರಿದಳು. ಆ ಗದರಿಕೆ ಕೇಳಿದ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ಸಂತೋಷದಿಂದ ಇಳಿದೆ. ತಾಯಿ ಮಗಳನ್ನು ಹೊತ್ತ ಬಸ್ಸು ತಿರುವಿನಲ್ಲಿ ಮರೆಯಾಯಿತು. ಹಿಂದಿನಿಂದ ಬಂದ ಆಟೋದವನು "ಎಲ್ಗೆ ಸಾ?" ಎಂದು ನಿಲ್ಲಿಸಿದ. ಊರಿನವರ ಆಸ್ತಿಗೆಲ್ಲ ಕಾಗದಪತ್ರ ಮಾಡಿಕೊಟ್ಟ ನನಗೆ ಸ್ವಂತ ದುಡಿಮೆಯಿಂದ ಗಳಿಸಿದ್ದು ಅಂತ ಇರುವುದು ಈ ಮೈಯೊಂದೇ. ಅದನ್ನು ಮೊದಲ ದಿನವೇ ಕರಗಿಸಲು ಮನಸ್ಸು ಬರದೆ, ಹತ್ತಿ ಕುಳಿತೆ.